ಪದವಿ ಕೇಳುವ ವೀಸಾ, ಪಾಠ ಕೇಳುವ ಮಕ್ಕಳು

ನವೆಂಬರ್ ತಿಂಗಳ ಒಂದು ಗುರುವಾರ. ಮಧ್ಯಾಹ್ನ ಒಂದು ಗಂಟೆ ದಾಟುತ್ತಿದ್ದಂತೆ ದಕ್ಷಿಣ ಕೊರಿಯಾದ ಯಾವ ನಿಲ್ದಾಣದಿಂದಲೂ ವಿಮಾನ ಮೇಲೇಳುವುದಿಲ್ಲ, ಯಾವುದೂ ಕೆಳಗಿಳಿಯುವುದಿಲ್ಲ. ಆಗಲೇ ಆಕಾಶದಲ್ಲಿರುವವು ಎತ್ತರದಲ್ಲೇ ಸುತ್ತು ಹಾಕುತ್ತ ಕಾಯುತ್ತವೆ. ಬೆಳಿಗ್ಗೆ ಷೇರುಪೇಟೆ, ಕಚೇರಿಗಳು ಒಂದು ಗಂಟೆ ತಡವಾಗಿ ಬಾಗಿಲು ತೆರೆದಿರುತ್ತವೆ. ಬಸ್ಸು ತಪ್ಪಿಸಿಕೊಂಡ ಹುಡುಗನನ್ನು ಪೊಲೀಸರೇ ಬೈಕಿನ ಹಿಂದೆ ಕೂರಿಸಿಕೊಂಡು ತಂದು ಬಿಟ್ಟಿರುತ್ತಾರೆ. ಅಂದು ದೇಶದ ಕಾಲೇಜು ಪ್ರವೇಶ ಪರೀಕ್ಷೆ. ವಿಮಾನಗಳನ್ನು ತಡೆದು ನಿಲ್ಲಿಸುವ ಆ ಸುಮಾರು 35 ನಿಮಿಷ, ಮಕ್ಕಳು ಇಂಗ್ಲಿಷ್ ಸಂಭಾಷಣೆ ಕೇಳಿಸಿಕೊಂಡು ಉತ್ತರ ಬರೆಯುವ ಹೊತ್ತು.

ಪರಭಾಷೆಯೊಂದಕ್ಕೆ ಇಷ್ಟು ಮರ್ಯಾದೆ ಕೊಡುವ ದೇಶ ಅದನ್ನು ಕಲಿಸಲು ಹೊರಗಿನಿಂದ ಯಾರನ್ನು ಕರೆಸಿಕೊಳ್ಳುತ್ತದೆ? ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ: ಈ ಏಳರಲ್ಲಿ ಒಂದು ದೇಶದ ಪಾಸ್‌ಪೋರ್ಟ್ ಇರಬೇಕು. ಜೊತೆಗೆ ಒಂದು ಡಿಗ್ರಿ. ಯಾವ ವಿಷಯದಲ್ಲಿ ಎಂದು ವೀಸಾ ಕೇಳುವುದಿಲ್ಲ. ಭೂವಿಜ್ಞಾನ ಓದಿದ್ದರೂ ನಡೆಯುತ್ತದೆ, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದರೂ ನಡೆಯುತ್ತದೆ.

ಹತ್ತು ವರ್ಷ ತರಗತಿಯಲ್ಲಿ ನಿಂತು ಪಳಗಿದ, ಆದರೆ ಕಾಲೇಜು ಮುಗಿಸದ ಬ್ರಿಟನ್ನಿನ ಶಿಕ್ಷಕಿ ಅದೇ ವೀಸಾಕ್ಕೆ ಅರ್ಜಿ ಹಾಕಿದರೆ ವಾಪಸ್ ಬರುತ್ತದೆ. ಇಂಗ್ಲಿಷ್ ಎಂ.ಎ., ಮೇಲೊಂದು ಬಿ.ಇಡಿ. ಮಾಡಿಕೊಂಡು ಹಾಸನದಲ್ಲೋ ಹಾವೇರಿಯಲ್ಲೋ ಪಾಠ ಮಾಡುತ್ತಿರುವವರಿಗೆ ಅದರ ಬಾಗಿಲು ಒಂದು ಸಂದಿಯಷ್ಟೇ ತೆರೆದಿದೆ. ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಡಿಗ್ರಿ ಕಡ್ಡಾಯವಿರಬೇಕೇ ಎಂಬ ಹಳೆಯ ವಾದ ಮತ್ತೆ ಮತ್ತೆ ಏಳುವುದು ಇಂಥ ಕಡೆಗಳಲ್ಲೇ.

ಯಾವ ದೇಶ ಏನು ಕೇಳುತ್ತದೆ

ಪೂರ್ವ ಏಷ್ಯಾದಲ್ಲಿ ನಿಯಮ ಬಿಗಿ. ಜಪಾನ್ ಸರ್ಕಾರ 1987ರಲ್ಲಿ ಶುರು ಮಾಡಿದ ‘ಜೆಟ್’ ಕಾರ್ಯಕ್ರಮ ಪ್ರತಿವರ್ಷ ಸಾವಿರಾರು ವಿದೇಶಿ ಯುವಕ ಯುವತಿಯರನ್ನು ಹಳ್ಳಿ ಪಟ್ಟಣಗಳ ಶಾಲೆಗಳಿಗೆ ಕಳಿಸುತ್ತದೆ. ಯಾವುದಾದರೂ ಪದವಿ ಸಾಕು, ಬೋಧನೆಯ ಅನುಭವ ಕಡ್ಡಾಯವಲ್ಲ. ಜಪಾನಿನ ಖಾಸಗಿ ಭಾಷಾ ಶಾಲೆಗಳಿಗೆ ಬರುವವರ ವೀಸಾ ನಿಯಮದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ವರ್ಗದ ಕೆಲಸಗಳಿಗೆ ಸಾಮಾನ್ಯವಾಗಿ 3 ವರ್ಷದ ಅನುಭವ ಬೇಕು. ಆದರೆ ಭಾಷೆ ಕಲಿಸಲು ಬರುವ ಪದವೀಧರರಿಗೆ ಅದರಿಂದ ವಿನಾಯಿತಿ. ಅಂದರೆ ಕಾನೂನಿನ ಕಣ್ಣಿಗೆ ಡಿಗ್ರಿಯ ಹಾಳೆ ಮೂರು ವರ್ಷದ ಅನುಭವಕ್ಕೆ ಸಮ.

ಚೀನಾ 2017ರ ಏಪ್ರಿಲ್ 1ರಿಂದ ವಿದೇಶಿ ಉದ್ಯೋಗಿಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆಗಳಲ್ಲಿ ವಿಂಗಡಿಸಿತು. ಇಂಗ್ಲಿಷ್ ಶಿಕ್ಷಕರು ಹೆಚ್ಚಾಗಿ ಬಿ ದರ್ಜೆಗೆ ಸೇರುತ್ತಾರೆ. ಅವರಿಗೆ ಪದವಿ ಕಡ್ಡಾಯ. ಅದರ ಜೊತೆಗೆ ಎರಡು ವರ್ಷದ ಅನುಭವ, ಇಲ್ಲವೇ ಬೋಧನಾ ಪ್ರಮಾಣಪತ್ರ. ವಿಯೆಟ್ನಾಂ ಕೂಡ ಪದವಿ, ಪ್ರಮಾಣಪತ್ರ ಎರಡನ್ನೂ ಕೇಳುತ್ತದೆ. ಥಾಯ್ಲೆಂಡ್‌ನಲ್ಲಿ ಶಿಕ್ಷಕರ ಮಂಡಳಿಯ ಪರವಾನಗಿ ಬೇಕು. ಶಿಕ್ಷಣಶಾಸ್ತ್ರ ಓದಿರದ ಪದವೀಧರರಿಗೆ ಅದು ತಾತ್ಕಾಲಿಕ ಅನುಮತಿ ಕೊಟ್ಟು, ಅಷ್ಟರೊಳಗೆ ಅರ್ಹತೆ ಗಳಿಸಿಕೊಳ್ಳಿ ಎನ್ನುತ್ತದೆ.

ಯುರೋಪಿನಲ್ಲಿ ಗಾಳಿ ಸ್ವಲ್ಪ ಸಡಿಲ. ಸ್ಪೇನ್ ಸರ್ಕಾರ ಶಾಲೆಗಳಿಗೆ ‘ಸಂಭಾಷಣಾ ಸಹಾಯಕ’ರನ್ನು ತೆಗೆದುಕೊಳ್ಳುವಾಗ ಇನ್ನೂ ಕಾಲೇಜಿನಲ್ಲಿ ಓದುತ್ತಿರುವವರನ್ನೂ ಪರಿಗಣಿಸುತ್ತದೆ. ಅವರ ಕೆಲಸ ಮಕ್ಕಳ ಜೊತೆ ಮಾತಾಡುವುದು, ಮಾತಾಡಿಸುವುದು. ಪಾಠದ ಹೊಣೆ ಅಲ್ಲಿನ ಶಿಕ್ಷಕರದ್ದು.

ಇನ್ನು ಆನ್‌ಲೈನ್ ಲೋಕ. ಚೀನಾದ ಮಕ್ಕಳಿಗೆ ಅಮೆರಿಕ, ಕೆನಡಾದ ಶಿಕ್ಷಕರಿಂದ ಪಾಠ ಹೇಳಿಸುತ್ತಿದ್ದ ‘ವಿಐಪಿಕಿಡ್’ ಕಂಪನಿ ಪದವಿ ಇಲ್ಲದವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಮನೆಯ ಕಂಪ್ಯೂಟರ್ ಮುಂದೆ ಕೂತು ಕಲಿಸುವವರಿಗೆ ವೀಸಾದ ಪ್ರಶ್ನೆಯೇ ಇಲ್ಲವಲ್ಲ, ಮತ್ತೇಕೆ ಡಿಗ್ರಿ? ದುಡ್ಡು ಕೊಡುವ ತಂದೆ ತಾಯಿಗೆ ತೋರಿಸಲು ಏನಾದರೊಂದು ಬೇಕು. ಹೊರದೇಶದಲ್ಲಿ ಕೂತು ಚೀನಾದ ಮಕ್ಕಳಿಗೆ ಪಾಠ ಹೇಳುವ ಆ ವ್ಯಾಪಾರವನ್ನು 2021ರಲ್ಲಿ ಚೀನಾ ಸರ್ಕಾರವೇ ನಿಲ್ಲಿಸಿತು. ಬರೀ ಹರಟೆಯ ಅಭ್ಯಾಸ ಮಾಡಿಸುವ ‘ಕ್ಯಾಂಬ್ಲಿ’ಯಂಥ ತಾಣಗಳು ಮಾತ್ರ ಡಿಗ್ರಿ ಕೇಳದೆ ಜನರನ್ನು ಸೇರಿಸಿಕೊಂಡು ಬಂದಿವೆ.

ಪಿಯುಸಿ ವಯಸ್ಸಿನ ಮೇಷ್ಟ್ರುಗಳು

ಪದವಿ ಬೇಕೇ ಬೇಕು ಎಂಬ ನಿಯಮ ಹಿಂದಿನಿಂದ ಬಂದದ್ದೇನೂ ಅಲ್ಲ. 1958ರಲ್ಲಿ ಅಲೆಕ್ ಮತ್ತು ಮೋರಾ ಡಿಕ್ಸನ್ ದಂಪತಿ ಬ್ರಿಟನ್ನಿನಲ್ಲಿ ‘ವಿಎಸ್‌ಓ’ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದಾಗ ಹೊರದೇಶಗಳಿಗೆ ಕಳಿಸಿದ್ದು ಶಾಲೆ ಮುಗಿಸಿ ವಿಶ್ವವಿದ್ಯಾಲಯ ಸೇರುವ ಮುಂಚಿನ ಬಿಡುವಿನಲ್ಲಿದ್ದ ಹದಿನೆಂಟರ ಆಸುಪಾಸಿನ ಹುಡುಗರನ್ನು. ಅಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಪಾಠ ಹೇಳುವುದೂ ಒಂದು. ಕೆಲವೇ ವರ್ಷಗಳಲ್ಲಿ, ಓದು ಮುಗಿಸಿದವರನ್ನೇ ಕಳಿಸಿ ಎಂಬ ಬೇಡಿಕೆ ಬಂತು. ಸಂಸ್ಥೆ ಮೊದಲು ಪದವೀಧರರತ್ತ, ಆಮೇಲೆ ವೃತ್ತಿನಿರತರತ್ತ ತಿರುಗಿತು.

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಬೇರೊಂದು ದಾರಿ ತೆರೆದುಕೊಂಡಿತು. ಜಾನ್ ಹೇಕ್ರಾಫ್ಟ್ ಮತ್ತು ಪತ್ನಿ ಬ್ರಿಟಾ 1953ರಲ್ಲಿ ಸ್ಪೇನಿನ ಕೊರ್ಡೊಬಾದಲ್ಲಿ ಇಂಗ್ಲಿಷ್ ಶಾಲೆ ತೆರೆದಿದ್ದರು. ಇಂಗ್ಲಿಷ್ ಮಾತಾಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಕಲಿಸಬಲ್ಲವರು ಸಿಗುವುದಿಲ್ಲ ಎಂಬ ಕಷ್ಟ ಅವರಿಗೆ ಗೊತ್ತಿತ್ತು. 1962ರಲ್ಲಿ ಅವರು ಲಂಡನ್ನಿನ ‘ಇಂಟರ್‌ನ್ಯಾಷನಲ್ ಹೌಸ್’ನಲ್ಲಿ ಶಿಕ್ಷಕರಿಗಾಗಿ ಒಂದು ಚಿಕ್ಕ ತರಬೇತಿ ಆರಂಭಿಸಿದರು. ಇಂದು ಕೇಂಬ್ರಿಡ್ಜ್ ಕೊಡುವ ‘ಸೆಲ್ಟಾ’ ಪ್ರಮಾಣಪತ್ರ ಬೆಳೆದು ಬಂದದ್ದು ಅದರಿಂದ. ಈಗಲೂ ಅದನ್ನು ಸೇರಲು ಡಿಗ್ರಿ ಬೇಕಿಲ್ಲ. ಕಾಲೇಜು ಪ್ರವೇಶಕ್ಕೆ ಬೇಕಾದಷ್ಟು ಓದು, 18 ವರ್ಷ ತುಂಬಿರುವುದು, ಒಳ್ಳೆಯ ಇಂಗ್ಲಿಷ್ ಇದ್ದರೆ ಸಂದರ್ಶನಕ್ಕೆ ಕರೆಯುತ್ತಾರೆ.

ಡಿಗ್ರಿಯನ್ನು ಬದಿಗಿಟ್ಟು ನೋಡಿದ ಸರ್ಕಾರಗಳೂ ಇವೆ. ಸೋವಿಯತ್ ಕಾಲದಿಂದ ರಷ್ಯನ್ ಭಾಷೆ ಬೇರೂರಿದ್ದ ಜಾರ್ಜಿಯಾ 2010ರಲ್ಲಿ ಇಂಗ್ಲಿಷನ್ನು ಒಂದನೇ ತರಗತಿಯಿಂದಲೇ ತರಲು ಹೊರಟು, ಇಂಗ್ಲಿಷ್ ಮಾತಾಡುವ ವಿದೇಶಿಯರನ್ನು ವಿಮಾನ ಟಿಕೆಟ್ ಕೊಟ್ಟು ಕರೆಸಿ ಸ್ಥಳೀಯರ ಮನೆಗಳಲ್ಲಿ ಉಳಿಸಿತು. ಆರಂಭದಲ್ಲಿ ಡಿಗ್ರಿಯ ಪಟ್ಟು ಇರಲಿಲ್ಲ. ಕೊರಿಯಾ ಕೂಡ 2008ರಲ್ಲಿ ‘ಟಾಕ್’ ಎಂಬ ಯೋಜನೆಯಡಿ ಹಳ್ಳಿ ಶಾಲೆಗಳ ಸಂಜೆ ತರಗತಿಗೆ ಕಾಲೇಜಿನ ಎರಡು ವರ್ಷ ಮುಗಿಸಿದ ವಿದ್ಯಾರ್ಥಿಗಳನ್ನು ತೆಗೆದುಕೊಂಡಿತು. ಡಿಗ್ರಿ ಇಲ್ಲದೆ ಆಗದು ಎನ್ನುವ ದೇಶವೇ, ಶಿಕ್ಷಕರು ಹೋಗಲೊಪ್ಪದ ಹಳ್ಳಿಗಳ ಮಟ್ಟಿಗೆ ನಿಯಮ ಸಡಿಲಿಸಿತ್ತು. ಆ ಯೋಜನೆ ಈಗ ನಿಂತಿದೆ.

ಡಿಗ್ರಿಯನ್ನೇ ಏಕೆ ಹಿಡಿದರು

ವಲಸೆ ಅಧಿಕಾರಿಯ ಮೇಜಿನ ಆಚೆ ಬದಿಯಿಂದ ನೋಡಿದರೆ ಈ ಹಟಕ್ಕೆ ಕಾರಣಗಳು ಕಾಣುತ್ತವೆ. ಆತ ಅರ್ಜಿದಾರನ ಪಾಠ ನೋಡಲಾರ. ಕೈಗೆ ಬರುವುದು ಕಾಗದ. ಕಾಗದಗಳಲ್ಲಿ ಪರಿಶೀಲಿಸಲು ಹೆಚ್ಚು ಸಲೀಸಾದದ್ದು ವಿಶ್ವವಿದ್ಯಾಲಯದ ಪದವಿ ಪತ್ರ. ಕೊರಿಯಾ, ಜಪಾನ್, ಭಾರತ ಎಲ್ಲವೂ ಸದಸ್ಯರಾಗಿರುವ ಹೇಗ್ ಒಪ್ಪಂದದಂತೆ ಅದಕ್ಕೆ ‘ಅಪೊಸ್ಟಿಲ್’ ಮುದ್ರೆ ಬಿದ್ದರೆ ಇನ್ನೊಂದು ದೇಶ ಅದನ್ನು ನಂಬುತ್ತದೆ. ಚೀನಾ 2023ರ ನವೆಂಬರ್‌ನಲ್ಲಿ, ಕೆನಡಾ 2024ರ ಜನವರಿಯಲ್ಲಿ ಈ ವ್ಯವಸ್ಥೆಗೆ ಸೇರಿದವು.

ಎರಡನೆಯದು, ಸ್ಥಳೀಯರ ಉದ್ಯೋಗ. ಹೊರಗಿನವರಿಗೆ ಕೆಲಸ ಕೊಡುವಾಗ, ಇವರು ವಿಶೇಷ ಅರ್ಹತೆ ಉಳ್ಳವರು ಎಂದು ತನ್ನ ಜನರಿಗೆ ಸರ್ಕಾರ ಹೇಳಬೇಕಾಗುತ್ತದೆ. ಮೂರನೆಯದು, ವಯಸ್ಸು. ಡಿಗ್ರಿ ಎಂದರೆ ಬಹುಮಟ್ಟಿಗೆ ಇಪ್ಪತ್ತೊಂದು ದಾಟಿದವರು, ಮೂರು ನಾಲ್ಕು ವರ್ಷ ಒಂದು ಕೆಲಸವನ್ನು ಹಿಡಿದು ಮುಗಿಸಿದವರು. ಪರದೇಶದ ಸಣ್ಣ ಊರಿನಲ್ಲಿ ಚಳಿಗಾಲದಲ್ಲಿ ಒಂಟಿಯಾಗಿ ಇದ್ದು ವರ್ಷದ ಒಪ್ಪಂದ ಪೂರೈಸುವವರು ಬೇಕಾದಾಗ ಇದು ಸಣ್ಣ ಮಾತಲ್ಲ.

ಬದಲಿ ಅಳತೆಗೋಲುಗಳೂ ಅಷ್ಟೇನೂ ಗಟ್ಟಿಯಾಗಿಲ್ಲ ಎಂಬುದು ನಾಲ್ಕನೆಯ ಕಾರಣ. ಇಂಗ್ಲಿಷ್ ಬೋಧನೆಗೆಂದು ಕೊಡುವ ‘120 ಗಂಟೆಯ ಟೆಫಲ್ ಪ್ರಮಾಣಪತ್ರ’ಗಳನ್ನು ಹುಡುಕಿದರೆ ಆನ್‌ಲೈನ್‌ನಲ್ಲಿ ರಾಶಿ ರಾಶಿ ಸಿಗುತ್ತವೆ. ಕೆಲವು ಚೆನ್ನಾಗಿವೆ. ಹಲವು ಬರೀ ವಿಡಿಯೊ ನೋಡಿ, ಬಹು ಆಯ್ಕೆಯ ಪ್ರಶ್ನೆಗಳಿಗೆ ಗುರುತು ಹಾಕಿ ಮುಗಿಸುವಂಥವು. ಒಬ್ಬ ವಿದ್ಯಾರ್ಥಿಯ ಮುಖವನ್ನೂ ನೋಡದೆ ಶಿಕ್ಷಕರಾಗುವ ಆ ಕಾಗದಕ್ಕಿಂತ ವಿಶ್ವವಿದ್ಯಾಲಯದ ಕಾಗದ ಮೇಲು ಎಂದು ಅಧಿಕಾರಿಗಳು ಭಾವಿಸಿದರೆ ತಪ್ಪು ಹಿಡಿಯುವುದು ಕಷ್ಟ.

ಆದರೆ ಡಿಗ್ರಿಯ ಮೇಲಿನ ನಂಬಿಕೆಯೂ ಒಮ್ಮೆ ಮುಗ್ಗರಿಸಿತು. 2007ರಲ್ಲಿ ಕೊರಿಯಾದಲ್ಲಿ ನಕಲಿ ಪದವಿಗಳ ಹಗರಣಗಳು ಒಂದರ ಮೇಲೊಂದು ಬಯಲಾದವು. ಯೇಲ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಇದೆ ಎಂದಿದ್ದ ಕಲಾ ಪ್ರಾಧ್ಯಾಪಕಿಯ ಸುಳ್ಳು ಹೊರಬಿದ್ದ ಬೆನ್ನಿಗೇ, ಕೆಬಿಎಸ್ ರೇಡಿಯೊದಲ್ಲಿ ‘ಗುಡ್ ಮಾರ್ನಿಂಗ್ ಪಾಪ್ಸ್’ ಎಂಬ ಜನಪ್ರಿಯ ಇಂಗ್ಲಿಷ್ ಕಲಿಕಾ ಕಾರ್ಯಕ್ರಮ ನಡೆಸುತ್ತಿದ್ದವರು ತಮ್ಮ ಬ್ರಿಟಿಷ್ ಪದವಿಗಳೂ ಸುಳ್ಳೆಂದು ಒಪ್ಪಿಕೊಂಡು ಹುದ್ದೆ ಬಿಟ್ಟರು. ಅವರ ನಿಜವಾದ ಓದು ಪ್ರೌಢಶಾಲೆ ಮತ್ತು ಬ್ರಿಟನ್ನಿನಲ್ಲಿ ಒಂದು ಭಾಷಾ ಕೋರ್ಸು. ವರ್ಷಗಟ್ಟಲೆ ದೇಶ ಬೆಳಗಾಗೆದ್ದು ಅವರ ಪಾಠ ಕೇಳಿತ್ತು, ಮೆಚ್ಚಿತ್ತು. ಸುಳ್ಳು ಹೇಳಿದ್ದು ತಪ್ಪೇ. ಆದರೆ ಡಿಗ್ರಿ ಇಲ್ಲದ್ದರಿಂದ ಪಾಠ ಕೆಟ್ಟಿದೆ ಎಂದು ಅಷ್ಟು ವರ್ಷ ಕೇಳುಗರು ಯಾರೂ ದೂರಿರಲಿಲ್ಲ.

ತರಗತಿಯ ಒಳಗೆ

ಕೊರಿಯಾದಲ್ಲಿ 1997ರಿಂದ ಮೂರನೇ ತರಗತಿಗೇ ಇಂಗ್ಲಿಷ್ ಶುರುವಾಗುತ್ತದೆ. ಪ್ರಾಥಮಿಕ ಶಾಲೆಯ ಒಂದು ಪೀರಿಯಡ್ ನಲವತ್ತು ನಿಮಿಷ. ಮುಂದೆ ಇಬ್ಬರು ನಿಂತಿರುತ್ತಾರೆ: ಸ್ಥಳೀಯ ಶಿಕ್ಷಕಿ, ವಿದೇಶಿ ಸಹಾಯಕ. ಕೊರಿಯನ್ ಭಾಷೆಯಲ್ಲಿ ‘ಫ’ ಎಂದು ಹಲ್ಲು ತುಟಿ ತಾಗಿಸಿ ಹೇಳುವ ಧ್ವನಿ ಇಲ್ಲ. ಹಾಗಾಗಿ ಮಕ್ಕಳ ಬಾಯಲ್ಲಿ ‘ಫ್ಯಾನ್’ ಹೋಗಿ ‘ಪ್ಯಾನ್’ ಆಗುತ್ತದೆ. ಸಹಾಯಕ ಸರಿಯಾಗಿ ಹೇಳಿ ತೋರಿಸುತ್ತಾನೆ. ಮಕ್ಕಳು ಮತ್ತೆ ‘ಪ್ಯಾನ್’ ಎನ್ನುತ್ತಾರೆ. ಆತ ಇನ್ನೂ ಜೋರಾಗಿ ಹೇಳುತ್ತಾನೆ. ಅವರೂ ಇನ್ನೂ ಜೋರಾಗಿ ‘ಪ್ಯಾನ್’ ಎನ್ನುತ್ತಾರೆ.

ತರಬೇತಿ ಪಡೆದವರಾದರೆ ಒಂದು ತೆಳು ಕಾಗದದ ಚೂರನ್ನು ತುಟಿಯ ಮುಂದೆ ಹಿಡಿಸುತ್ತಾರೆ. ತುಟಿ ಮುಚ್ಚಿ ಬಿಟ್ಟರೆ ಕಾಗದ ಪಟ್ಟನೆ ಹಾರುತ್ತದೆ. ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ಉಸಿರು ಬಿಟ್ಟರೆ ಹಾಗೆ ಹಾರದೆ ಸಣ್ಣಗೆ ನಡುಗುತ್ತದೆ. ವ್ಯತ್ಯಾಸ ಮಕ್ಕಳಿಗೆ ಕಣ್ಣಿನಲ್ಲೇ ಸಿಗುತ್ತದೆ. ಇದನ್ನು ಯಾವ ಭೂವಿಜ್ಞಾನದ ಪದವಿಯೂ ಕಲಿಸುವುದಿಲ್ಲ. ಇಂಗ್ಲಿಷ್ ಸಾಹಿತ್ಯದ ಪದವಿಯೂ ಕಲಿಸುವುದಿಲ್ಲ. ಊಟ ಮಾಡಿ ಉಪ್ಪು ಕಡಿಮೆ ಎನ್ನಬಲ್ಲವರೆಲ್ಲ ಅಡುಗೆ ಹೇಳಿಕೊಡಲಾರರು. ಇಂಗ್ಲಿಷ್ ಮನೆಮಾತಾಗಿರುವವರ ಪಾಡೂ ಪಾಠದ ಮಟ್ಟಿಗೆ ಹೀಗೆಯೇ.

ಸೆಲ್ಟಾದಂಥ ತರಬೇತಿ ಮಾಡುವುದು ಈ ಕೆಲಸವನ್ನು. ಕನಿಷ್ಠ 120 ಗಂಟೆ, ಪೂರ್ಣಾವಧಿಯಾದರೆ ನಾಲ್ಕೈದು ವಾರ. ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡಬೇಕು. ತರಬೇತುದಾರ ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಾರೆ. ಪಾಠ ಮುಗಿದ ಮೇಲೆ ಎಲ್ಲರೂ ಸುತ್ತ ಕೂತು ಬಿಡಿಸಿ ನೋಡುತ್ತಾರೆ: ನೀವೆಷ್ಟು ಹೊತ್ತು ಮಾತಾಡಿದಿರಿ, ಅವರಿಗೆಷ್ಟು ಹೊತ್ತು ಬಿಟ್ಟಿರಿ? ಮೂಲೆಯಲ್ಲಿದ್ದ ಹುಡುಗಿ ಒಮ್ಮೆಯಾದರೂ ಬಾಯಿ ತೆರೆದಳೇ?

ಅಲ್ಲಿ ಮೊದಲು ಬಿಡಿಸುವ ಚಟಗಳಲ್ಲಿ ‘ಅರ್ಥ ಆಯ್ತಾ?’ ಎಂದು ಕೇಳುವುದೂ ಒಂದು. ಕೇಳಿದರೆ ಜಗತ್ತಿನ ಎಲ್ಲ ತರಗತಿಗಳೂ ‘ಆಯ್ತು ಸಾರ್’ ಎಂದೇ ಹೇಳುತ್ತವೆ. ‘ಶೀ ಯೂಸ್ಡ್ ಟು ಲಿವ್ ಇನ್ ಬುಸಾನ್’ ಎಂಬ ವಾಕ್ಯ ಕಲಿಸಿದರೆ ಆಮೇಲೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಈಗ ಆಕೆ ಬುಸಾನ್‌ನಲ್ಲಿದ್ದಾಳೆಯೇ? ಮೊದಲು ಇದ್ದಳೇ? ಒಂದು ದಿನವೇ, ಬಹಳ ಕಾಲವೇ? ಈ ಮೂರಕ್ಕೆ ಬರುವ ಉತ್ತರದಲ್ಲಿ, ಯಾರಿಗೆ ಅರ್ಥವಾಗಿದೆ, ಯಾರು ತಲೆಯಾಡಿಸುತ್ತಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ.

ಶಿಕ್ಷಕರ ಡಿಗ್ರಿಗೂ ಮಕ್ಕಳ ಕಲಿಕೆಗೂ ಇರುವ ನಂಟನ್ನು ಅಮೆರಿಕದ ಶಾಲೆಗಳಲ್ಲಿ ದಶಕಗಳಿಂದ ಅಳೆದು ನೋಡಿದ್ದಾರೆ. ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ ಅಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ, ಶಿಕ್ಷಕರು ಸ್ನಾತಕೋತ್ತರ ಪದವಿ ಪಡೆದ ಮಾತ್ರಕ್ಕೆ ಮಕ್ಕಳ ಕಲಿಕೆ ಮೇಲೇರಿದ ಸ್ಥಿರವಾದ ಪುರಾವೆ ಇಲ್ಲ ಎಂದರು. ಅದು ಪದವಿಯ ಮೇಲಿನ ಪದವಿಯ ಮಾತು, ಅದೂ ಅಮೆರಿಕದ್ದು. ಅದನ್ನು ನೇರವಾಗಿ ಸೋಲ್ ನಗರಕ್ಕೆ ಒಯ್ಯಲಾಗದು. ಶಿಕ್ಷಕರ ನಡುವೆ ವ್ಯತ್ಯಾಸ ದೊಡ್ಡದು, ಆದರೆ ಅದು ಅವರ ಪದವಿಪತ್ರದಲ್ಲಿ ಕಾಣುವುದಿಲ್ಲ ಎಂಬಷ್ಟನ್ನು ಮಾತ್ರ ಅದರಿಂದ ತೆಗೆದುಕೊಳ್ಳಬಹುದು.

ಟಿಸಿಎಚ್ ಮೇಷ್ಟ್ರು, ಸುಪ್ರೀಂ ಕೋರ್ಟ್ ತೀರ್ಪು

ಈ ವಾದವನ್ನು ಅರ್ಥ ಮಾಡಿಕೊಳ್ಳಲು ಕನ್ನಡ ಓದುಗರು ಕೊರಿಯಾದವರೆಗೂ ಹೋಗಬೇಕಿಲ್ಲ. ರಾಜ್ಯದ ಹಳ್ಳಿ ಶಾಲೆಗಳಲ್ಲಿ ತಲೆಮಾರುಗಟ್ಟಲೆ ಅಕ್ಷರ ಕಲಿಸಿದವರಲ್ಲಿ ಡಿಗ್ರಿ ಇಲ್ಲದವರ ಸಂಖ್ಯೆ ದೊಡ್ಡದು. ಅವರು ಟಿಸಿಎಚ್ ಮಾಡಿದವರು. ಅದೇ ಮುಂದೆ ಡಿ.ಇಡಿ. ಆಯಿತು, ಈಗ ಡಿ.ಎಲ್.ಇಡಿ. ಇಂದಿಗೂ ಒಂದರಿಂದ ಐದನೇ ತರಗತಿಯ ಶಿಕ್ಷಕರಾಗಲು ಪಿಯುಸಿ, ಎರಡು ವರ್ಷದ ಆ ತರಬೇತಿ, ಟಿಇಟಿ ಪಾಸು, ಇಷ್ಟಿದ್ದರೆ ಅರ್ಹತೆ ಬಂತು. ಮಕ್ಕಳ ಮುಂದೆ ನಿಂತು ‘ಪಾಠ ಕೊಟ್ಟು’ ತೋರಿಸದೆ, ಪಾಠಯೋಜನೆಯ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳದೆ ಯಾರೂ ಅಲ್ಲಿಂದ ಹೊರಬರುವುದಿಲ್ಲ.

ಬಿ.ಇಡಿ. ಮಾಡಿದ ಪದವೀಧರರೂ ಪ್ರಾಥಮಿಕ ಶಿಕ್ಷಕರಾಗಬಹುದು ಎಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ 2018ರಲ್ಲಿ ಅಧಿಸೂಚನೆ ಹೊರಡಿಸಿತ್ತು. ಮೇಲಿನ ಓದು ಇದ್ದಮೇಲೆ ಕೆಳಗಿನ ತರಗತಿ ಏನು ಮಹಾ ಎಂಬ ತರ್ಕ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಬಿ.ಇಡಿ. ಇರುವುದು ದೊಡ್ಡ ಮಕ್ಕಳಿಗೆ ಕಲಿಸುವವರನ್ನು ತಯಾರು ಮಾಡಲು, ಚಿಕ್ಕ ಮಕ್ಕಳಿಗೆ ಕಲಿಸುವ ವಿದ್ಯೆ ಬೇರೆ ಎಂದು ನ್ಯಾಯಾಲಯ ಹೇಳಿತು. ಡಿಗ್ರಿ, ಅದರ ಮೇಲೆ ಬಿ.ಇಡಿ. ಇದ್ದವರು ಪಿಯುಸಿ, ಡಿ.ಎಲ್.ಇಡಿ. ಮಾಡಿದವರ ಜಾಗಕ್ಕೆ ಬರುವಂತಿಲ್ಲ ಎಂದಾಯಿತು.

ಕೊರಿಯಾ, ಜಪಾನ್ ಇಟ್ಟುಕೊಂಡಿರುವ ನಿಯಮ ಇದಕ್ಕೆ ತದ್ವಿರುದ್ಧ. ಇಲ್ಲಿ ಡಿಗ್ರಿ ಇಲ್ಲದ ತರಬೇತಿ ನಡೆಯುತ್ತದೆ. ಅಲ್ಲಿ ತರಬೇತಿ ಇಲ್ಲದ ಡಿಗ್ರಿ ನಡೆಯುತ್ತದೆ. ಹಾಗೆಂದು ಇಲ್ಲಿನ ದಾರಿಯೂ ಹೀಗೇ ಉಳಿಯುವುದಿಲ್ಲ. 2030ರ ಹೊತ್ತಿಗೆ ನಾಲ್ಕು ವರ್ಷದ ಸಮಗ್ರ ಬಿ.ಇಡಿ. ಪದವಿಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಅದು ಡಿಗ್ರಿಯೇ, ಆದರೆ ಅದರ ಹೊಟ್ಟೆಯೊಳಗೆ ಬೋಧನೆಯ ತರಬೇತಿ ಇದೆ.

ಪಾಸ್‌ಪೋರ್ಟೇ ಅರ್ಹತೆಯಾದಾಗ

ಡಿಗ್ರಿಯ ಚರ್ಚೆಯಲ್ಲಿ ಅರ್ಜಿದಾರರ ಹುಟ್ಟೂರಿನ ವಿಷಯ ಪಕ್ಕಕ್ಕೆ ಸರಿದುಬಿಡುತ್ತದೆ. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನಾ ಸಮ್ಮೇಳನ ನಡೆದಿತ್ತು. ಇಂಗ್ಲಿಷ್ ಮನೆಮಾತಾಗಿರುವವರೇ ಆದರ್ಶ ಶಿಕ್ಷಕರು ಎಂಬ ಭಾವನೆ ಅಲ್ಲಿಂದ ಗಟ್ಟಿಯಾಯಿತು ಎಂದು ಭಾಷಾವಿದ್ವಾಂಸ ರಾಬರ್ಟ್ ಫಿಲಿಪ್ಸನ್ 1992ರ ತಮ್ಮ ಪುಸ್ತಕದಲ್ಲಿ ಟೀಕಿಸಿದರು. ಹಂಗೇರಿಯ ಪೀಟರ್ ಮೆಡ್ಯೆಶ್ ಇನ್ನೊಂದು ಬದಿಯಿಂದ ವಾದಿಸಿದರು: ಭಾಷೆಯನ್ನು ಕಷ್ಟಪಟ್ಟು ಕಲಿತವರಿಗೆ, ಕಲಿಯುವವರು ಎಲ್ಲಿ ಎಡವುತ್ತಾರೆಂದು ಮೊದಲೇ ಗೊತ್ತಿರುತ್ತದೆ. ಕಾಶ್ಮೀರದಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಬ್ರಜ್ ಕಚ್ರು, ಭಾರತ, ನೈಜೀರಿಯಾ, ಸಿಂಗಪುರದ ಇಂಗ್ಲಿಷ್‌ಗಳೂ ತಮ್ಮ ಕಾಲ ಮೇಲೆ ನಿಂತ ಇಂಗ್ಲಿಷ್‌ಗಳೇ ಎಂದು 1980ರ ದಶಕದಲ್ಲೇ ಪ್ರತಿಪಾದಿಸಿದ್ದರು.

ಇತಿಹಾಸವೂ ಅವರ ಕಡೆಗಿದೆ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದ ಇಥಿಯೋಪಿಯಾದಲ್ಲಿ, ಆಧುನಿಕ ಶಾಲೆಗಳು ಕಣ್ಣುಬಿಡುತ್ತಿದ್ದ ಭೂತಾನದಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ಹೊತ್ತು ನಡೆಸಿದವರಲ್ಲಿ ಭಾರತದ, ಅದರಲ್ಲೂ ದಕ್ಷಿಣ ಭಾರತದ ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿದ್ದರು. ಅವರನ್ನು ಕರೆಸಿಕೊಂಡದ್ದು ಅವರ ಓದು ನೋಡಿ.

ಕೊರಿಯಾದ ಬಾಗಿಲು ಭಾರತೀಯರಿಗೆ ಸಂದಿಯಷ್ಟು ತೆರೆದದ್ದು 2010ರ ಜನವರಿಯಲ್ಲಿ, ಎರಡೂ ದೇಶಗಳ ಆರ್ಥಿಕ ಸಹಭಾಗಿತ್ವ ಒಪ್ಪಂದ ಜಾರಿಗೆ ಬಂದಾಗ. ಭಾರತೀಯರೂ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಬಹುದು ಎಂದಿತು ಆ ಒಪ್ಪಂದ. ಷರತ್ತು: ಪದವಿಯ ಜೊತೆಗೆ ಇಂಗ್ಲಿಷ್ ಬೋಧಿಸುವ ಶಿಕ್ಷಕ ಅರ್ಹತೆಯೂ ಬೇಕು. ಒಂದೇ ವೀಸಾಕ್ಕೆ ಓಹಾಯೋದವರಾದರೆ ಯಾವುದೋ ಒಂದು ಡಿಗ್ರಿ, ಧಾರವಾಡದವರಾದರೆ ಡಿಗ್ರಿ ಮತ್ತು ತರಬೇತಿ ಎರಡೂ. ಮಕ್ಕಳ ದೃಷ್ಟಿಯಿಂದ ನೋಡಿದರೆ ಸರಿಯಾದ ನಿಯಮವಿರುವುದು ಧಾರವಾಡದವರಿಗೆ. ತಪ್ಪೇನೆಂದರೆ, ಅದನ್ನು ಓಹಾಯೋದವರಿಗೆ ಅನ್ವಯಿಸದೆ ಬಿಟ್ಟಿರುವುದು.

ಹಾಂಗ್‌ಕಾಂಗ್ 1998ರಲ್ಲಿ ತನ್ನ ಶಾಲೆಗಳಿಗೆ ವಿದೇಶಿ ಇಂಗ್ಲಿಷ್ ಶಿಕ್ಷಕರನ್ನು ತರುವ ಯೋಜನೆ ಮಾಡಿದಾಗ ಬೇರೆ ಲೆಕ್ಕ ಹಾಕಿತು. ಅದಕ್ಕೆ ಸಂಬಂಧಪಟ್ಟ ಪದವಿ, ಶಿಕ್ಷಕ ತರಬೇತಿ, ಇಂಗ್ಲಿಷ್ ಬೋಧನೆಯ ಅರ್ಹತೆಗಳನ್ನು ನೋಡಿ ದರ್ಜೆ ನಿಗದಿ ಮಾಡಿತು. ಇಂಗ್ಲಿಷ್ ಮನೆಮಾತಾಗಿರುವವರು ‘ಅಥವಾ ಅವರಷ್ಟೇ ಪ್ರಭುತ್ವ ಉಳ್ಳವರು’ ಎಂದು ಅರ್ಹತೆಯನ್ನು ವಿವರಿಸಿತು. ಆ ಎರಡನೆಯ ಸಾಲಿನಿಂದ ಪಾಸ್‌ಪೋರ್ಟ್ ಹಿಂದಕ್ಕೆ ಸರಿಯಿತು.

ಮುಂಬಾಗಿಲು ಮುಚ್ಚಿದರೆ

ಬೇಡಿಕೆ ದೊಡ್ಡದಾಗಿದ್ದು ನಿಯಮ ಕಿರಿದಾಗಿದ್ದರ ಪರಿಣಾಮ ಊಹಿಸುವುದು ಕಷ್ಟವಲ್ಲ. ಕೊರಿಯಾದ ಕುಟುಂಬಗಳು ಶಾಲಾ ಮಕ್ಕಳ ಖಾಸಗಿ ಪಾಠಗಳಿಗೆ 2023ರಲ್ಲಿ ಸುರಿದ ಹಣ ಸುಮಾರು 27 ಲಕ್ಷ ಕೋಟಿ ವೋನ್. ಇಂಥ ಮಾರುಕಟ್ಟೆಗಳಲ್ಲಿ ಪದವಿ ಇಲ್ಲದವರು ಪ್ರವಾಸಿ ವೀಸಾದಲ್ಲಿ ಬಂದು ಕದ್ದು ಕಲಿಸುವುದು, ಅವಧಿ ಮುಗಿಯುತ್ತಿದ್ದಂತೆ ಗಡಿ ದಾಟಿ ಮರುದಿನ ವಾಪಸ್ ಬರುವುದು ಏಷ್ಯಾದ ಹಲವೆಡೆ ಹಳೆಯ ಕಥೆ. ಹೀಗೆ ಬಂದವರಿಗೆ ವಿಮೆ ಇಲ್ಲ, ಲಿಖಿತ ಒಪ್ಪಂದ ಇಲ್ಲ. ಸಂಬಳ ಬಾರದಿದ್ದರೆ ದೂರು ಕೊಡಲು ಠಾಣೆಗೆ ಹೋಗುವಂತಿಲ್ಲ. ಅವರ ಹಿನ್ನೆಲೆಯನ್ನು ಯಾರೂ ಪರಿಶೀಲಿಸಿಯೂ ಇರುವುದಿಲ್ಲ.

ಆ ಕೊನೆಯ ಅಂಶ ಎಷ್ಟು ಮುಖ್ಯವೆಂದು 2007ರ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಮಕ್ಕಳ ಮೇಲೆ ದೌರ್ಜನ್ಯ ಎಸಗುವ ಚಿತ್ರಗಳಲ್ಲಿ ಮುಖವನ್ನು ಸುರುಳಿಯಂತೆ ತಿರುಚಿ ಮರೆಸಿಕೊಂಡಿದ್ದ ವ್ಯಕ್ತಿಯ ಗುರುತನ್ನು ತಜ್ಞರು ಬಿಡಿಸಿದರು, ಇಂಟರ್‌ಪೋಲ್ ಆ ಮುಖವನ್ನು ಜಗತ್ತಿಗೆ ತೋರಿಸಿತು. ಆತ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕೆನಡಾದ ಶಿಕ್ಷಕ. ಥಾಯ್ಲೆಂಡ್‌ಗೆ ಹಾರಿದ ಆತ ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದ. ಅದಾದ ಮೇಲೆ ಕೊರಿಯಾ ವಿದೇಶಿ ಶಿಕ್ಷಕರಿಗೆ ಪೊಲೀಸ್ ದಾಖಲೆ ಪರಿಶೀಲನೆ, ವೈದ್ಯಕೀಯ ಪರೀಕ್ಷೆಗಳನ್ನು ಕಡ್ಡಾಯ ಮಾಡಿತು.

ಆತುರದಲ್ಲಿ ನಿಯಮ ಎಲ್ಲೆ ಮೀರಿಯೂ ಹೋಯಿತು. ಎಚ್‌ಐವಿ ಪರೀಕ್ಷೆಯನ್ನೂ ಸೇರಿಸಿದರು. ಕೊರಿಯಾದ ಶಿಕ್ಷಕರಿಗೆ ಇಲ್ಲದ ಪರೀಕ್ಷೆ ವಿದೇಶಿಯರಿಗೇಕೆ ಎಂದು ನ್ಯೂಜಿಲೆಂಡ್‌ನ ಶಿಕ್ಷಕಿಯೊಬ್ಬರು ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ವಿರೋಧಿ ಸಮಿತಿಯ ಮೊರೆ ಹೋದರು. 2015ರಲ್ಲಿ ಸಮಿತಿ ಅವರ ಪರ ನಿಂತಿತು, 2017ರಲ್ಲಿ ಕೊರಿಯಾ ಆ ಪರೀಕ್ಷೆ ಕೈಬಿಟ್ಟಿತು. ಪೊಲೀಸ್ ಪರಿಶೀಲನೆ ಉಳಿದುಕೊಂಡಿದೆ, ಉಳಿಯಬೇಕಾದದ್ದೂ ಹೌದು.

ಹಾಗಾದರೆ ಏನನ್ನು ಕೇಳಬೇಕು

ಡಿಗ್ರಿ ಬೇಕೇ ಬೇಡವೇ ಎಂದು ಎಲ್ಲರಿಗೂ ಸೇರಿಸಿ ಒಂದೇ ಉತ್ತರ ಹುಡುಕಿದರೆ ದಾರಿ ತಪ್ಪುತ್ತದೆ. ಸಂಭಾಷಣಾ ಸಹಾಯಕ, ತರಗತಿಯ ಪೂರ್ಣ ಹೊಣೆ ಹೊತ್ತ ಶಿಕ್ಷಕ, ಕಾಲೇಜಿನ ಉಪನ್ಯಾಸಕ ಮೂವರ ಕೆಲಸವೂ ಬೇರೆ ಬೇರೆ. ಪಕ್ಕದಲ್ಲಿ ಅರ್ಹ ಸ್ಥಳೀಯ ಶಿಕ್ಷಕಿ ಇರುವ ಕಡೆ, ಇಪ್ಪತ್ತರ ವಿದ್ಯಾರ್ಥಿ ಮಕ್ಕಳನ್ನು ಮಾತಾಡಿಸಿದರೆ ನಷ್ಟವೇನಿಲ್ಲ. ಸ್ಪೇನ್ ಮಾಡಿಕೊಂಡಿರುವುದು ಈ ಏರ್ಪಾಡನ್ನೇ. ಪಠ್ಯ, ಪರೀಕ್ಷೆ, ಅಂಕಗಳ ಹೊಣೆ ಹೊರುವವರಿಗೆ ಪದವಿ ಇರಲಿ ಎನ್ನುವುದರಲ್ಲೂ ಅರ್ಥವಿದೆ. ಕಾಲೇಜಿನಲ್ಲಂತೂ ವಿಷಯದ ಪದವಿಯೇ ಮೊದಲು.

ಮೂವರಿಗೂ ತಪ್ಪದೆ ಕೇಳಬೇಕಾದದ್ದು ಪೊಲೀಸ್ ಪರಿಶೀಲನೆ. ಮೊದಲ ಇಬ್ಬರಿಗೆ ಅದರ ಜೊತೆಗೆ, ಯಾರಾದರೂ ಹಿಂದೆ ಕೂತು ನೋಡಿ ತಿದ್ದಿದ ಬೋಧನಾಭ್ಯಾಸ. ಅದನ್ನು ದೇಶದ ಒಳಗೇ ಕೊಡಿಸಬಹುದು. ಬಂದಿಳಿದವರಿಗೆ ಕೆಲವು ದಿನದ ಪರಿಚಯ ಶಿಬಿರ ಮಾಡಿ ನೇರ ಶಾಲೆಗೆ ಕಳಿಸುವ ಬದಲು, ಮೊದಲ ತಿಂಗಳನ್ನು ಅನುಭವಿ ಶಿಕ್ಷಕರ ಕೈಕೆಳಗೆ ಕಳೆಯುವಂತೆ ಮಾಡಿದರೆ ಪಾಠ ಬಾರದವರು ಮೊದಲಲ್ಲೇ ಗೊತ್ತಾಗುತ್ತಾರೆ.

ಸ್ಥಳೀಯ ಶಿಕ್ಷಕರನ್ನೇ ಬೆಳೆಸುವುದು ಇನ್ನೊಂದು ದಾರಿ. ಸೋಲ್ ನಗರದ ಶಿಕ್ಷಣ ಆಡಳಿತ 2012ರ ಸುಮಾರಿಗೆ ದೊಡ್ಡ ತರಗತಿಗಳ ವಿದೇಶಿ ಶಿಕ್ಷಕರನ್ನು ಕಡಿಮೆ ಮಾಡುತ್ತ, ಇಂಗ್ಲಿಷ್ ಚೆನ್ನಾಗಿ ಬಲ್ಲ ಕೊರಿಯನ್ ಶಿಕ್ಷಕರತ್ತ ವಾಲಿತು. ಕರ್ನಾಟಕ 2007ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದಾಗ ಹೊರದೇಶದವರನ್ನು ಕರೆಸಲಿಲ್ಲ. 1963ರಿಂದ ಬೆಂಗಳೂರಿನಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಂಥವು ಇರುವ ಶಿಕ್ಷಕರಿಗೇ ತರಬೇತಿ ಕೊಡುತ್ತ ಬಂದಿವೆ. ಆ ತರಬೇತಿ ಎಲ್ಲರಿಗೂ ಸಾಕಷ್ಟು ಮುಟ್ಟಿದೆಯೇ ಎಂದು ಕೇಳಬಹುದು. ಆದರೆ ಮಕ್ಕಳ ಭಾಷೆ ಗೊತ್ತಿರುವ ಶಿಕ್ಷಕರನ್ನೇ ಗಟ್ಟಿ ಮಾಡೋಣ ಎಂಬ ದಿಕ್ಕು ಸರಿಯಾಗಿಯೇ ಇದೆ.

ಇಲ್ಲಿಂದ ಹೊರಡುವವರಿಗೆ

ಬಿ.ಇಡಿ. ಮಾಡಿ ಹೊರದೇಶದತ್ತ ಕಣ್ಣಿಟ್ಟಿರುವವರ ಮುಂದೆ ಸದ್ಯದ ಮಟ್ಟಿಗೆ ಇರುವ ಚಿತ್ರ ಹೀಗೆ. ಕೊಲ್ಲಿ ದೇಶಗಳ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಡಿಗ್ರಿ, ಬಿ.ಇಡಿ. ಎರಡಕ್ಕೂ ನೇರ ಬೆಲೆ ಇದೆ. ಥಾಯ್ಲೆಂಡ್, ವಿಯೆಟ್ನಾಂ ಕಡೆ ಪದವಿಯ ಜೊತೆಗೆ ಬೋಧನಾ ಪ್ರಮಾಣಪತ್ರವನ್ನೂ, ಇಂಗ್ಲಿಷ್ ಪ್ರಭುತ್ವದ ಪರೀಕ್ಷೆಯ ಅಂಕವನ್ನೂ ತೋರಿಸಬೇಕಾಗಬಹುದು. ಪ್ರಮಾಣಪತ್ರ ಕೊಳ್ಳುವ ಮುನ್ನ, ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ ಮಾಡುವ ಗಂಟೆಗಳು ಎಷ್ಟಿವೆ ಎಂದು ಕೇಳಿದರೆ ಕಾಳು ಜೊಳ್ಳು ಬೇರೆಯಾಗುತ್ತದೆ.

ಪದವಿ ಪತ್ರಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಆಗಬೇಕು. ಇದಕ್ಕೆ ವಾರಗಳು ಹಿಡಿಯಬಹುದಾದ್ದರಿಂದ ಕೆಲಸದ ಕರೆ ಬರುವ ಮೊದಲೇ ಶುರು ಮಾಡುವುದು ಮೇಲು. ಏಜೆಂಟರ ಮೂಲಕ ಹೋಗುವುದಾದರೆ ಅವರ ನೋಂದಣಿ ಸಂಖ್ಯೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯೇ ಎಂದು ನೋಡಬೇಕು. ಕಂಪ್ಯೂಟರ್ ಕೆಲಸದ ಆಸೆ ತೋರಿಸಿ ಭಾರತೀಯ ಯುವಕರನ್ನು ಕಾಂಬೋಡಿಯಾ, ಮ್ಯಾನ್ಮಾರ್‌ಗಳ ಸೈಬರ್ ವಂಚನೆಯ ಅಡ್ಡೆಗಳಿಗೆ ಸಾಗಿಸಿದ ಪ್ರಕರಣಗಳು ಈಚಿನವೇ. ‘ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತೇವೆ’ ಎಂದು ಏಜೆಂಟ್ ಹೇಳಿದರೆ, ಮುಂಗಡದ ಹಣ ಕೊಡದೆ ಎದ್ದು ಬರುವುದು ಒಳಿತು.